ವಾಲಿದ ಪಾದ, ಕೆಟ್ಟ ಹರಡು: ಮಕ್ಕಳಿಗೆ ಯಾವ ಶಸ್ತ್ರಚಿಕಿತ್ಸೆ, ಯಾವುದು ಮೊದಲು?

ಎಂಆರ್‌ಐ ವರದಿ ಕೈಗೆ ಬಂದ ಮೇಲೆ ತಂದೆತಾಯಿ ಕೇಳುವ ಪ್ರಶ್ನೆ ಬಹುತೇಕ ಒಂದೇ ಬಗೆಯದು. ಗಾಯ ಆಗಿರುವುದು ಮಗುವಿನ ಹರಡಿನಲ್ಲಿ, ಅಂದರೆ ಕಾಲು ಪಾದವನ್ನು ಸೇರುವ ಕೀಲಿನಲ್ಲಿ: ಹಿಮ್ಮಡಿ ಮೂಳೆಯ ಮೇಲೆ ಕೂರುವ ಟೇಲಸ್ ಎಂಬ ಮೂಳೆಯಲ್ಲಿ, ಅದರ ಮೇಲಿನ ನುಣುಪು ಹೊದಿಕೆಯಾದ ಮೃದ್ವಸ್ಥಿಯಲ್ಲಿ. ಮೂಳೆಗೆ ತೂತು ಕೊರೆಸುವುದು ಒಳ್ಳೆಯದೋ, ಸಡಿಲಗೊಂಡ ತುಂಡನ್ನು ಪಿನ್ ಹಾಕಿ ಕೂರಿಸುವುದೋ, ಮಂಡಿಯಿಂದ ತೆಗೆದ ಮೃದ್ವಸ್ಥಿಯನ್ನು ತಂದು ನೆಡುವುದೋ? ವರದಿಯಲ್ಲಿ ಗಾಯದ ಉದ್ದ ಅಗಲ ಇರುತ್ತದೆ, ಹಂತದ ಸಂಖ್ಯೆ ಇರುತ್ತದೆ. ಮಗು ನಿಂತಾಗ ಹಿಮ್ಮಡಿ ಎತ್ತ ವಾಲುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಯಂತ್ರದೊಳಗೆ ಮಗು ಮಲಗಿರುತ್ತದಲ್ಲ. ನನ್ನ ಮಟ್ಟಿಗೆ ಆಯ್ಕೆ ಶುರುವಾಗಬೇಕಾದದ್ದು ಆ ವಾಲಿಕೆಯಿಂದ. ಚಕ್ರ ಓರೆಯಾದ ಗಾಡಿಗೆ ಎಂಥ ಟೈರ್ ಹಾಕಿದರೂ ಒಂದೇ ಅಂಚು ಸವೆಯುತ್ತದೆ. ಮೃದ್ವಸ್ಥಿಯ ದುರಸ್ತಿ ಎಷ್ಟೇ ನಾಜೂಕಾಗಿದ್ದರೂ ಮೈಭಾರ ಮತ್ತೆ ಅದೇ ಜಾಗದ ಮೇಲೆ ಬೀಳುತ್ತಿದ್ದರೆ ಆ ದುರಸ್ತಿಗೆ ಬಾಳಿಕೆ ಕಡಿಮೆ.

ಮೊದಲು ಹಿಂದಿನಿಂದ ನೋಡಿ

ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ, ಬಟ್ಟೆಯನ್ನು ಮಂಡಿಯವರೆಗೆ ಮಡಚಿ, ನೀವು ಹಿಂದೆ ನೆಲದ ಮೇಲೆ ಕುಳಿತು ನೋಡಿ. ಮೀನಖಂಡದಿಂದ ಇಳಿದು ಬರುವ ದಪ್ಪ ಸ್ನಾಯುರಜ್ಜು ಹಿಮ್ಮಡಿಯನ್ನು ಸೇರುವ ಗೆರೆ ನೆಟ್ಟಗಿದೆಯೇ, ಬಿಲ್ಲಿನಂತೆ ಬಾಗಿದೆಯೇ? ಹಿಮ್ಮಡಿ ಹೊರಕ್ಕೆ ಸರಿದಿದ್ದರೆ ಕಿರುಬೆರಳಿನ ಕಡೆಯ ಎರಡು ಮೂರು ಬೆರಳುಗಳು ಹಿಂದಿನಿಂದಲೇ ಇಣುಕುತ್ತವೆ. ಒಳಕ್ಕೆ ಸರಿದಿದ್ದರೆ ಎದುರಿನಿಂದ ನೋಡಿದಾಗ ಹಿಮ್ಮಡಿಯ ಒಳಬದಿಯ ಮಾಂಸ ಹರಡಿನ ಪಕ್ಕದಲ್ಲಿ ಕಾಣುತ್ತದೆ. ಸ್ವಲ್ಪ ಹೊರವಾಲಿಕೆ ಎಲ್ಲರಿಗೂ ಇರುತ್ತದೆ, ಚಿಕ್ಕ ಮಕ್ಕಳಿಗೆ ಇನ್ನೂ ತುಸು ಹೆಚ್ಚು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಈಗ ತುದಿಗಾಲಲ್ಲಿ ನಿಲ್ಲಲು ಹೇಳಿ. ಮೃದುವಾದ ಚಪ್ಪಟೆ ಪಾದದಲ್ಲಿ ಆ ಕ್ಷಣವೇ ಕಮಾನು ಮೂಡುತ್ತದೆ, ಹೊರಗೆ ವಾಲಿದ್ದ ಹಿಮ್ಮಡಿ ಒಳಕ್ಕೆ ತಿರುಗುತ್ತದೆ. ಅದು ತಿರುಗದೆ ಇದ್ದಲ್ಲೇ ಇದ್ದರೆ ಪಾದ ಬಿಗಿದಿದೆ ಎಂದರ್ಥ. ಹದಿಹರೆಯದ ಹೊತ್ತಿಗೆ ಹೀಗೆ ಬಿಗಿಯುವ ಪಾದದಲ್ಲಿ ಎರಡು ಮೂಳೆಗಳು ಹುಟ್ಟಿನಿಂದಲೇ ಬೆಸೆದುಕೊಂಡಿರುವ ಸಾಧ್ಯತೆಯನ್ನು ವೈದ್ಯರು ಹುಡುಕಲೇಬೇಕು. ಹಿಮ್ಮಡಿ ಮೂಳೆ ಮತ್ತು ನೇವಿಕ್ಯುಲರ್ (ಟೇಲಸ್ಸಿನ ಮುಂದಿರುವ ಪಾದದ ಮೂಳೆ) ನಡುವಿನ ಬೆಸುಗೆ ಸುಮಾರು 8ರಿಂದ 12ನೇ ವಯಸ್ಸಿನಲ್ಲಿ ಗಟ್ಟಿಯಾಗುತ್ತದೆ, ಟೇಲಸ್ ಮತ್ತು ಹಿಮ್ಮಡಿ ಮೂಳೆ ನಡುವಿನದು 12ರಿಂದ 16ರಲ್ಲಿ. ಆ ಬೆಸುಗೆಯಿಂದ ಕೆಳಗಿನ ಕೀಲು ಅಲುಗಾಡುವುದನ್ನು ನಿಲ್ಲಿಸಿದಾಗ, ಅಕ್ಕಪಕ್ಕಕ್ಕೆ ತಿರುಗುವ ಕೆಲಸವೆಲ್ಲ ಮೇಲಿನ ಹರಡಿನ ಮೇಲೆ ಬೀಳುತ್ತದೆ. ಹರಡು ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಪದೇ ಪದೇ ಕಾಲು ಉಳುಕುವ ಹುಡುಗನೋ ಹುಡುಗಿಯೋ ಕೊನೆಗೆ ಮೃದ್ವಸ್ಥಿಯ ಗಾಯದೊಂದಿಗೆ ಬರುವ ದಾರಿಗಳಲ್ಲಿ ಇದೂ ಒಂದು.

ಕಮಾನು ಎತ್ತರವಾಗಿ ಹಿಮ್ಮಡಿ ಒಳಕ್ಕೆ ವಾಲಿದ ಪಾದದ ಕಥೆಯೇ ಬೇರೆ. ಅದು ಒಂದೇ ಕಾಲಿನಲ್ಲಿದ್ದರೆ, ಅಥವಾ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಮೂಳೆಯ ಮಾತಿಗೆ ಮುಂಚೆ ನರಗಳ ತಪಾಸಣೆ ಆಗಬೇಕು. ಶಾರ್ಕೋ–ಮರಿ–ಟೂತ್ ಎಂಬ ಆನುವಂಶಿಕ ನರರೋಗ ಮೊದಲು ಕಾಣಿಸಿಕೊಳ್ಳುವುದು ಎಷ್ಟೋ ಸಲ ಪಾದದಲ್ಲೇ. ಅಂಥ ಮಗುವಿನ ಹರಡಿಗೆ ತೂತು ಕೊರೆದು ಮನೆಗೆ ಕಳುಹಿಸಿದರೆ ಅಸಲು ರೋಗ ಹಾಗೆಯೇ ಉಳಿಯುತ್ತದೆ.

ಇಷ್ಟು ಕಣ್ಣಿಗೆ ಕಾಣುವ ಮಾತು. ಅಳತೆಗೆ ಬೇಕಾದದ್ದು ಮಗು ನಿಂತಿರುವಾಗ, ಪಾದದ ಮೇಲೆ ಪೂರ್ತಿ ಭಾರ ಬಿದ್ದಾಗ ತೆಗೆದ ಎಕ್ಸ್-ರೇ: ಹರಡಿನ ಎದುರಿನಿಂದ ಒಂದು, ಪಾದದ ಪಕ್ಕದಿಂದ ಒಂದು, ಹಿಮ್ಮಡಿಯ ವಾಲಿಕೆ ತೋರುವಂತೆ ಹಿಂದಿನಿಂದ ಒಂದು. ವಾಲಿಕೆ ಹಿಮ್ಮಡಿ ಮೂಳೆಯಲ್ಲಿದೆಯೋ, ಹರಡಿನ ಮೇಲಿನ ಟಿಬಿಯಾದ (ಮಂಡಿಯಿಂದ ಹರಡಿಗೆ ಇಳಿಯುವ ದಪ್ಪ ಮೂಳೆ) ಕೆಳತುದಿಯಲ್ಲಿದೆಯೋ ಎಂಬುದು ಇವುಗಳಲ್ಲೇ ತಿಳಿಯಬೇಕು. ಎರಡಕ್ಕೂ ಆಪರೇಷನ್ ಬೇರೆ ಬೇರೆ. ನಿಂತು ತೆಗೆದ ಎಕ್ಸ್-ರೇ ಇಲ್ಲದೆ ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತುಮಾಡಿದ್ದರೆ, ಅದನ್ನು ತೆಗೆಸಿದ ಮೇಲೆ ಮಾತಾಡೋಣ ಎಂದು ಹೇಳಲು ಸಂಕೋಚ ಬೇಡ.

ಗಾಯ ಎಂಥದ್ದು

ಟೇಲಸ್ ವಿಚಿತ್ರ ಮೂಳೆ. ಅದಕ್ಕೆ ಒಂದೇ ಒಂದು ಸ್ನಾಯುವೂ ಅಂಟಿಲ್ಲ. ಮೇಲ್ಮೈಯ ಸುಮಾರು 60 ಶೇಕಡಾ ಮೃದ್ವಸ್ಥಿಯೇ ಆವರಿಸಿರುವುದರಿಂದ ರಕ್ತನಾಳಗಳು ಒಳಹೊಗಲು ಜಾಗ ಕಡಿಮೆ. ಆ ಮೃದ್ವಸ್ಥಿಯ ದಪ್ಪ ಒಂದರಿಂದ ಒಂದೂವರೆ ಮಿಲಿಮೀಟರ್, ಮಂಡಿಯದಕ್ಕಿಂತ ಬಹಳ ತೆಳುವು. ಆದರೂ ಆರೋಗ್ಯವಂತ ಹರಡು ಮುಪ್ಪಿನವರೆಗೆ ಸವೆಯದೆ ಉಳಿಯುವುದು ಎರಡು ಮೂಳೆಗಳ ಮೇಲ್ಮೈ ಒಂದಕ್ಕೊಂದು ಅಚ್ಚುಕಟ್ಟಾಗಿ ಕೂರುವುದರಿಂದ. ಈ ಹೊಂದಾಣಿಕೆ ಎಷ್ಟು ಸೂಕ್ಷ್ಮ ಎಂಬುದನ್ನು ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ 1976ರಲ್ಲಿ ಶವಗಳ ಕಾಲಿನ ಮೇಲೆ ಅಳೆದು ತೋರಿಸಿದರು: ಟೇಲಸ್ ಹೊರಕ್ಕೆ ಒಂದೇ ಒಂದು ಮಿಲಿಮೀಟರ್ ಸರಿದರೆ ಎರಡು ಮೇಲ್ಮೈ ಮುಟ್ಟುವ ಜಾಗ ಸರಾಸರಿ 42 ಶೇಕಡಾ ಕುಗ್ಗುತ್ತದೆ. ಅದೇ ಭಾರ ಅರ್ಧಕ್ಕಿಂತ ತುಸು ಹೆಚ್ಚಿನ ಜಾಗದ ಮೇಲೆ.

ಹಿಮ್ಮಡಿ ಹೊರವಾಲಿದ್ದರೆ ಟೇಲಸ್‌ನ ಹೊರಭುಜಕ್ಕೆ (ಗುಮ್ಮಟದಂಥ ಮೇಲ್ಮೈಯ ಹೊರ ಅಂಚಿಗೆ), ಒಳವಾಲಿದ್ದರೆ ಒಳಭುಜಕ್ಕೆ ಒತ್ತಡ ಹೆಚ್ಚು ಎಂಬುದು ಸಾಮಾನ್ಯ ಲೆಕ್ಕ. ಇದು ಯಾವಾಗಲೂ ಹೊಂದುವುದಿಲ್ಲ. ಒಟ್ಟಾರೆ ಗಾಯಗಳಲ್ಲಿ ಒಳಭುಜದವೇ ಜಾಸ್ತಿ. ಚಪ್ಪಟೆ ಪಾದದ ಮಕ್ಕಳಲ್ಲೂ ಅವು ಸಿಗುತ್ತವೆ. ಗಾಯದ ಬದಿ ಮತ್ತು ವಾಲಿದ ಬದಿ ತಾಳೆಯಾದಾಗ ಪಾದವನ್ನು ನೇರಗೊಳಿಸುವ ವಾದಕ್ಕೆ ಬಲ ಹೆಚ್ಚು. ತಾಳೆಯಾಗದಿದ್ದರೆ, ವಾಲಿಕೆಯೂ ಅಲ್ಪವಾಗಿದ್ದರೆ, ಮೂಳೆ ಕತ್ತರಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಬರ್ನ್ಟ್ ಮತ್ತು ಹಾರ್ಟಿ 1959ರಲ್ಲಿ ಕೊಟ್ಟ ನಾಲ್ಕು ಹಂತಗಳು ಇಂದಿಗೂ ವರದಿಗಳಲ್ಲಿ ಬರುತ್ತವೆ. ಮೊದಲನೆಯದು ಮೂಳೆ ಜಜ್ಜಿದ್ದು, ಎರಡನೆಯದು ತುಂಡು ಅರೆಬರೆ ಬಿಟ್ಟದ್ದು, ಮೂರನೆಯದು ಪೂರ್ತಿ ಬಿಟ್ಟರೂ ಕುಳಿಯಲ್ಲೇ ಕೂತದ್ದು, ನಾಲ್ಕನೆಯದು ಜಾಗ ಬಿಟ್ಟು ಹೋದದ್ದು. ಆಯ್ಕೆಗೆ ಬೇಕಾದದ್ದು ಮೂರು ಸಂಗತಿ: ಮೇಲಿನ ಮೃದ್ವಸ್ಥಿ ಹರಿದಿದೆಯೇ, ತುಂಡು ಅಲುಗಾಡುತ್ತದೆಯೇ, ಅಡಿಯಲ್ಲಿ ನೀರುಗುಳ್ಳೆ ಎಷ್ಟು ದೊಡ್ಡದು. ತುಂಡಿನ ಅಡಿಯಲ್ಲಿ ಎಂಆರ್‌ಐ ತೋರುವ ಬಿಳಿ ಗೆರೆ ದೊಡ್ಡವರಲ್ಲಿ ಸಡಿಲತೆಯ ಗುರುತು. ಬೆಳೆಯುವ ಮಕ್ಕಳಲ್ಲಿ ಅದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಅವರ ಪಾದದ ಮೂಳೆಗಳಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು ಏನೂ ಕಾರಣವಿಲ್ಲದೆಯೂ ಕಾಣುತ್ತವೆ. ಕೊನೆಯ ತೀರ್ಪು ಆರ್ತ್ರೋಸ್ಕೋಪ್ ಎಂಬ, ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಕೀಲಿನೊಳಗಿಟ್ಟು, ತುದಿ ಬಾಗಿದ ಸಣ್ಣ ಕಡ್ಡಿಯಿಂದ ಒತ್ತಿ ನೋಡಿದಾಗಲೇ. ಗಟ್ಟಿ ಮೃದ್ವಸ್ಥಿ ಕಡ್ಡಿಯನ್ನು ಹಿಂದಕ್ಕೆ ನೂಕುತ್ತದೆ, ಅಡಿಯಲ್ಲಿ ಟೊಳ್ಳಾದದ್ದು ಒತ್ತಿದಲ್ಲಿ ಕುಸಿಯುತ್ತದೆ. ಆದ್ದರಿಂದ ಒಪ್ಪಿಗೆ ಪತ್ರದಲ್ಲಿ ಎರಡು ಮೂರು ಸಾಧ್ಯತೆಗಳನ್ನು ಬರೆದಿದ್ದರೆ ಅದು ವೈದ್ಯರ ಗೊಂದಲವಲ್ಲ, ಪ್ರಾಮಾಣಿಕತೆ.

ಮೃದ್ವಸ್ಥಿಗೆ ಇರುವ ದಾರಿಗಳು

ತುಂಡು ಕಳಚಿ ಕೀಲಿನೊಳಗೆ ಸಿಕ್ಕಿಕೊಂಡಿಲ್ಲ ಎಂದಾದರೆ, ಬೆಳವಣಿಗೆ ಬಾಕಿಯಿರುವ ಮಗುವಿಗೆ ಮೊದಲು ವಿಶ್ರಾಂತಿಯ ಅವಕಾಶ ಕೊಡಬೇಕು. ಆರು ವಾರಗಳ ಮಟ್ಟಿಗೆ ಪ್ಲಾಸ್ಟರ್ ಅಥವಾ ಬೂಟು, ಆಟಕ್ಕೆ ರಜೆ, ಮೂರರಿಂದ ಆರು ತಿಂಗಳ ಕಾಯುವಿಕೆ. ಇದೇ ಅವಧಿಯಲ್ಲಿ ಪಾದದ ಕಮಾನಿಗೆ ಆಸರೆ ಕೊಡುವ ಇನ್‌ಸೋಲ್ ಹಾಕಿಸಿ ನೋಡುವುದು ನನಗೆ ಇಷ್ಟವಾದ ಕ್ರಮ. ಇನ್‌ಸೋಲ್ ಕಮಾನನ್ನು ಬೆಳೆಸುವುದಿಲ್ಲ. ಮೃದುವಾದ ಚಪ್ಪಟೆ ಪಾದದ ಪುಟ್ಟ ಮಕ್ಕಳಿಗೆ ಮೂರು ವರ್ಷ ವಿಶೇಷ ಬೂಟು, ಇನ್‌ಸೋಲ್ ಹಾಕಿಸಿದರೂ ವ್ಯತ್ಯಾಸವಾಗಲಿಲ್ಲ ಎಂದು 1989ರಲ್ಲಿ ಪ್ರಕಟವಾದ ಅಧ್ಯಯನವೇ ತೋರಿಸಿದೆ. ಆದರೆ ಭಾರ ಬೀಳುವ ಜಾಗವನ್ನು ಅದು ತುಸು ಬದಲಿಸುತ್ತದೆ. ಅಷ್ಟರಿಂದಲೇ ನೋವು ಇಳಿದರೆ, ವಾಲಿಕೆಗೂ ಗಾಯಕ್ಕೂ ನಂಟಿದೆ ಎಂಬ ಸುಳಿವು ಕತ್ತಿಯಿಲ್ಲದೆ ಸಿಕ್ಕಂತೆ.

ನೋವು ನಿಲ್ಲದಿದ್ದರೆ, ಮೃದ್ವಸ್ಥಿಯ ಹೊದಿಕೆ ಇನ್ನೂ ಇಡಿಯಾಗಿದ್ದರೆ, ಕೊರೆಯುವುದು ಸಾಕು. ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪದ ತಂತಿಯಿಂದ ಸತ್ತ ಮೂಳೆಯವರೆಗೆ ದಾರಿ ಮಾಡಿ, ರಕ್ತ ಒಳಬರುವಂತೆ ಮಾಡುತ್ತಾರೆ. ಮೃದ್ವಸ್ಥಿಯ ಮೂಲಕವೇ ಕೊರೆಯಬಹುದು, ಅಥವಾ ಗಾಯದ ಕೆಳಗಿನಿಂದ, ಟೇಲಸ್‌ನ ಒಡಲೊಳಗಿಂದ ಮೇಲಕ್ಕೆ ಕೊರೆದು ಮೃದ್ವಸ್ಥಿಗೆ ಮುಟ್ಟುವ ಮೊದಲೇ ನಿಲ್ಲಿಸಬಹುದು. ಎರಡನೆಯದು ಮೇಲ್ಮೈಯನ್ನು ಉಳಿಸುತ್ತದೆ, ಆದರೆ ಎಕ್ಸ್-ರೇ ಪರದೆ ನೋಡುತ್ತ ಮಿಲಿಮೀಟರ್ ಲೆಕ್ಕದಲ್ಲಿ ಗುರಿಯಿಡುವ ಕೈ ಬೇಕು. ಮಗುವಿನದೇ ಮೃದ್ವಸ್ಥಿ ಉಳಿಯುವ ದಾರಿ ಇದ್ದಾಗ ಅದಕ್ಕಿಂತ ದೊಡ್ಡದನ್ನು ಆರಿಸುವುದಕ್ಕೆ ಕಾರಣ ಕಾಣೆ.

ತುಂಡು ಸಡಿಲವಾಗಿದ್ದು, ಅದಕ್ಕೆ ಸಾಕಷ್ಟು ಮೂಳೆ ಅಂಟಿಕೊಂಡಿದ್ದರೆ, ಅದನ್ನು ಎತ್ತಿ, ಅಡಿಯ ಗಾಯದ ಗಟ್ಟಿ ಪದರವನ್ನು ಕೆರೆದು, ಬೇಕಾದರೆ ಸ್ವಲ್ಪ ಮೂಳೆಪುಡಿ ತುಂಬಿ, ಮತ್ತೆ ಕೂರಿಸಿ ಬಿಗಿಯುತ್ತಾರೆ. ದೇಹದಲ್ಲಿ ಕರಗುವ ಪಿನ್ ಆದರೆ ತೆಗೆಯಲು ಇನ್ನೊಂದು ಆಪರೇಷನ್ ಬೇಡ. ತಲೆಯಿಲ್ಲದ ಲೋಹದ ಸ್ಕ್ರೂ ಆದರೆ ಹಿಡಿತ ಹೆಚ್ಚು, ಆದರೆ ಮೃದ್ವಸ್ಥಿ ಕುಸಿದಾಗ ಅದರ ತುದಿ ಎದುರಿನ ಮೇಲ್ಮೈಯನ್ನು ಗೀರುವ ಭಯವಿದೆ. ಮಕ್ಕಳ ಮೂಳೆ ಬೆಸೆಯುವ ಗುಣ ದೊಡ್ಡವರಿಗಿಂತ ಮೇಲು. ಹಾಗಾಗಿ ದೊಡ್ಡವರಲ್ಲಿ ಕಿತ್ತೆಸೆಯುವ ತುಂಡನ್ನೂ ಮಕ್ಕಳಲ್ಲಿ ಉಳಿಸಿಕೊಳ್ಳಲು ನೋಡುವುದು ಸರಿ.

ತುಂಡು ಚೂರುಚೂರಾಗಿದ್ದರೆ ಮೈಕ್ರೋಫ್ರ್ಯಾಕ್ಚರ್ ಸರದಿ. ಸತ್ತದ್ದನ್ನೆಲ್ಲ ಕೆರೆದು ತೆಗೆದು, ಗಾಯದ ಅಂಚನ್ನು ನೆಟ್ಟಗೆ ನಿಲ್ಲಿಸಿ, ಮೂರ್ನಾಲ್ಕು ಮಿಲಿಮೀಟರ್ ಅಂತರದಲ್ಲಿ ಸಣ್ಣ ತೂತು ಚುಚ್ಚುತ್ತಾರೆ. ಆಮೇಲೆ ಕೀಲಿನೊಳಗೆ ಹರಿಸುತ್ತಿದ್ದ ನೀರಿನ ಒತ್ತಡ ಇಳಿಸಿದಾಗ ಒಂದೊಂದೇ ತೂತಿನಿಂದ ರಕ್ತ ಮತ್ತು ಕೊಬ್ಬಿನ ಹನಿ ಮೆಲ್ಲಗೆ ಉಕ್ಕುವುದು ಪರದೆಯ ಮೇಲೆ ಕಾಣುತ್ತದೆ. ಕೆಲಸ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಹೀಗೆ ಬೆಳೆಯುವುದು ನಾರುಮಯ ಮೃದ್ವಸ್ಥಿ, ಮೂಲದಷ್ಟು ಗಟ್ಟಿಯಲ್ಲ. ಹತ್ತು ಮಿಲಿಮೀಟರಿನೊಳಗಿನ ಗಾಯಕ್ಕೆ ಚೆನ್ನಾಗಿ ಒದಗುತ್ತದೆ, ಹದಿನೈದು ದಾಟಿದರೆ ನಂಬಿಕೆ ಕಡಿಮೆ. ಸುಲಭ, ಸಣ್ಣ ರಂಧ್ರದಲ್ಲಿ ಮುಗಿಯುತ್ತದೆ ಎಂಬ ಕಾರಣಕ್ಕೇ ಇದನ್ನು ಎಲ್ಲ ಗಾಯಕ್ಕೂ ಹೇಳುವುದುಂಟು. ಎರಡನೇ ದರ್ಜೆಯ ಈ ಹೊದಿಕೆಯ ಮೇಲೆ ಓರೆ ಭಾರ ಬೀಳುವುದು ಎಲ್ಲಕ್ಕಿಂತ ಕೆಟ್ಟದ್ದು. ಪಾದದ ವಾಲಿಕೆ ಅತಿ ಮುಖ್ಯವಾಗುವುದು ಇಲ್ಲೇ.

ದೊಡ್ಡ ಗಾಯಕ್ಕೆ, ಅಡಿಯಲ್ಲಿ ದೊಡ್ಡ ಗುಳ್ಳೆಯಿದ್ದಾಗ, ಕಸಿಯ ಮಾತು ಬರುತ್ತದೆ. ಮಂಡಿಯ ಭಾರ ಬೀಳದ ಜಾಗದಿಂದ ಮೂಳೆ ಸಮೇತ ಮೃದ್ವಸ್ಥಿಯ ಬಿರಡೆಯನ್ನು ತೆಗೆದು ಇಲ್ಲಿ ನೆಡಬಹುದು. ಅದು ಅಸಲಿ ಮೃದ್ವಸ್ಥಿ, ಸರಿ. ಆದರೆ ನೋವಿಲ್ಲದ ಮಂಡಿಗೆ ಗಾಯ ಮಾಡಬೇಕು. ಮಂಡಿಯ ಬೆಳವಣಿಗೆಯ ಪಟ್ಟಿ (ಮೂಳೆ ಉದ್ದ ಬೆಳೆಯುವ ಪದರ) ತೆರೆದಿದ್ದರೆ ಅದರಿಂದ ದೂರವಿರಬೇಕು. ಟೇಲಸ್‌ನ ಒಳಭುಜಕ್ಕೆ ನೇರ ಕೈಹಾಕಲು ಹರಡಿನ ಒಳಗುಬ್ಬಿಯನ್ನೇ ಕತ್ತರಿಸಿ ಬದಿಗಿಡಬೇಕಾಗುತ್ತದೆ, ಟಿಬಿಯಾದ ಬೆಳವಣಿಗೆಯ ಪಟ್ಟಿ ಅಲ್ಲೇ ಪಕ್ಕದಲ್ಲಿದೆ. ಆ ಪಟ್ಟಿ ಹುಡುಗಿಯರಲ್ಲಿ ಸುಮಾರು 14, ಹುಡುಗರಲ್ಲಿ ಸುಮಾರು 16ರ ಹೊತ್ತಿಗೆ ಮುಚ್ಚುತ್ತದೆ. ಅದಕ್ಕೂ ಮೊದಲು ಕತ್ತರಿಸಿ ಪಟ್ಟಿಗೆ ಪೆಟ್ಟಾದರೆ, ಇಲ್ಲದಿದ್ದ ವಾಲಿಕೆಯನ್ನು ನಾವೇ ಹುಟ್ಟಿಸಿದಂತೆ. ಗಾಯವನ್ನು ಕೊಲಾಜನ್ ಪೊರೆಯಿಂದ ಹೊದಿಸುವ ವಿಧಾನಕ್ಕೆ ಮಂಡಿ ಕೊಯ್ಯಬೇಕಿಲ್ಲ, ಕಸಿಗಿಂತ ಹಗುರ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳನ್ನು ನೆಡಲು ಎರಡು ಆಪರೇಷನ್ ಬೇಕು. ಮೊದಲ ಬಾರಿಯ ಚಿಕಿತ್ಸೆಯಾಗಿ ಇವು ಮಕ್ಕಳಿಗೆ ಬೇಕಾಗುವುದು ಅಪರೂಪ.

ವಾಲಿಕೆಗೆ ಇರುವ ದಾರಿಗಳು

ನೋವಿಲ್ಲದ, ಮೃದುವಾದ ಚಪ್ಪಟೆ ಪಾದವನ್ನು ನೋಟಕ್ಕಾಗಿ ಆಪರೇಷನ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಮಾತಾಡುತ್ತಿರುವುದು ಹರಡಿನೊಳಗೆ ಗಾಯವಾದ ಪಾದದ ಬಗ್ಗೆ ಮಾತ್ರ.

ಹೊರವಾಲಿದ ಹಿಮ್ಮಡಿಗೆ ಹಿಮ್ಮಡಿ ಮೂಳೆಯನ್ನು ಓರೆಯಾಗಿ ಕತ್ತರಿಸಿ ಹಿಂದಿನ ಭಾಗವನ್ನು ಸುಮಾರು ಒಂದು ಸೆಂಟಿಮೀಟರ್ ಒಳಕ್ಕೆ ಸರಿಸಿ ಸ್ಕ್ರೂ ಹಾಕುವುದು ಸರಳ ದಾರಿ. ಭಾರದ ಗೆರೆ ಒಳಕ್ಕೆ ಬರುತ್ತದೆ, ಕೀಲುಗಳು ಮೊದಲಿನಂತೆಯೇ ಅಲುಗಾಡುತ್ತವೆ. ಪಾದದ ಮುಂಭಾಗವೂ ಹೊರಕ್ಕೆ ತಿರುಗಿದ್ದರೆ ಇದಿಷ್ಟು ಸಾಲದು. 1975ರಲ್ಲಿ ಎವನ್ಸ್ ವಿವರಿಸಿದ, ಆಮೇಲೆ ಮೋಸ್ಕಾ ಮಕ್ಕಳಿಗೆ ಹೊಂದಿಸಿದ ಉದ್ದಗೊಳಿಸುವ ಕ್ರಮ ಬೇಕಾಗುತ್ತದೆ. ಅದರಲ್ಲಿ ಹಿಮ್ಮಡಿ ಮೂಳೆಯ ಮುಂಭಾಗವನ್ನು ಕತ್ತರಿಸಿ ನಡುವೆ ಮೂಳೆಯ ಬೆಣೆ ಇಡುತ್ತಾರೆ. ತಿದ್ದುಪಡಿ ಚೆಲುವಾಗಿ ಬರುತ್ತದೆ, ಬೆಣೆ ಕೂಡಿಕೊಳ್ಳುವವರೆಗೆ ಪ್ಲಾಸ್ಟರಿನ ಅವಧಿಯೂ ಹೆಚ್ಚು. ಮೀನಖಂಡ ಬಿಗಿಯಾಗಿದ್ದರೆ ಅದನ್ನೂ ಅದೇ ಸಲ ಸಡಿಲಿಸಬೇಕು, ಇಲ್ಲವಾದರೆ ಬಿಗಿದ ರಜ್ಜು ಹಿಮ್ಮಡಿಯನ್ನು ಮತ್ತೆ ಹೊರಕ್ಕೆಳೆಯುತ್ತದೆ.

ಟೇಲಸ್ ಮತ್ತು ಹಿಮ್ಮಡಿ ಮೂಳೆಯ ನಡುವಿನ ಸಂದಿಗೆ ಬಿರಡೆಯಂಥ ಸಾಧನ ತೂರಿಸುವ ಪದ್ಧತಿ ಸಣ್ಣ ಗಾಯ, ಬೇಗ ನಡೆದಾಟ ಎಂಬ ಕಾರಣಕ್ಕೆ ಬಹಳ ಜನಪ್ರಿಯ. ಸುಮಾರು 8ರಿಂದ 12ರ ಮೃದುಪಾದದ ಮಕ್ಕಳಿಗೆ ಮಾತ್ರ ಸಲ್ಲುವಂಥದ್ದು. ಆ ಸಂದಿಯಲ್ಲೇ ನೋವು ಬಂದು ಸಾಧನವನ್ನು ತೆಗೆಯಬೇಕಾಗುವುದು ಇದರ ಮುಖ್ಯ ತಕರಾರು. ಬಿಗಿದ ಪಾದಕ್ಕೆ ಇದನ್ನು ಹಾಕಲೇಬಾರದು. ಮೂಳೆ ಬೆಸೆದಿದ್ದರೆ ಬೆಸುಗೆ ಬಿಡಿಸುವುದೇ ಮೊದಲ ಕೆಲಸ, ವಾಲಿಕೆ ತೀವ್ರವಾಗಿದ್ದರೆ ಜೊತೆಗೆ ಹಿಮ್ಮಡಿಯ ತಿದ್ದುಪಡಿ.

ಹೊರವಾಲಿಕೆ ಟಿಬಿಯಾದ ತುದಿಯಲ್ಲಿದ್ದು, ಬೆಳವಣಿಗೆ ಇನ್ನೂ ಒಂದೆರಡು ವರ್ಷವಾದರೂ ಉಳಿದಿದ್ದರೆ ಮಕ್ಕಳಿಗಷ್ಟೇ ಇರುವ ಒಂದು ಅನುಕೂಲ ದಕ್ಕುತ್ತದೆ. ಹರಡಿನ ಒಳಗುಬ್ಬಿಯ ಮೂಲಕ ಬೆಳವಣಿಗೆಯ ಪಟ್ಟಿಗೆ ಅಡ್ಡಲಾಗಿ ಒಂದೇ ಸ್ಕ್ರೂ ಹಾಕಿ ಒಳಬದಿಯ ಬೆಳವಣಿಗೆಯನ್ನು ತಡೆದರೆ, ಹೊರಬದಿ ತಾನೇ ಬೆಳೆದು ಹರಡನ್ನು ಸಮ ಮಾಡುತ್ತದೆ. ವೇಗ ತಿಂಗಳಿಗೆ ಅರ್ಧ ಡಿಗ್ರಿಯ ಆಸುಪಾಸು. ಮೂಳೆ ಕತ್ತರಿಸದೆ ಆಗುವ ಕೆಲಸ, ಆದರೆ ಹೇಳಿದ ದಿನಕ್ಕೆ ಬಂದು ಎಕ್ಸ್-ರೇ ತೆಗೆಸುವ ಶಿಸ್ತು ಬೇಕು. ಮರೆತರೆ ಹರಡು ಇನ್ನೊಂದು ಬದಿಗೆ ವಾಲುತ್ತದೆ. ಬೆಳವಣಿಗೆ ಮುಗಿದಿದ್ದರೆ ಹರಡಿನ ಮೇಲೆ ಟಿಬಿಯಾವನ್ನೇ ಕತ್ತರಿಸಿ ತಿರುಗಿಸುವುದೊಂದೇ ದಾರಿ.

ಒಳವಾಲಿದ ಪಾದದಲ್ಲಿ ಒಂದು ಮರದ ತುಂಡಿನ ಪರೀಕ್ಷೆಯಿದೆ. ಹಿಮ್ಮಡಿ ಮತ್ತು ಪಾದದ ಹೊರ ಅಂಚನ್ನು ತುಂಡಿನ ಮೇಲಿಟ್ಟು, ಹೆಬ್ಬೆರಳಿನ ಬದಿಯನ್ನು ಕೆಳಗೆ ಇಳಿಬಿಡುತ್ತಾರೆ. ಹಿಮ್ಮಡಿ ನೆಟ್ಟಗಾದರೆ ದೋಷ ಪಾದದ ಮುಂಭಾಗದ್ದು, ಹೆಬ್ಬೆರಳಿನ ಸಾಲಿನ ಮೂಳೆಯನ್ನು ಎತ್ತಿದರೆ ಸಾಕಾಗಬಹುದು. ಆಗದಿದ್ದರೆ ಡ್ವೈಯರ್ 1959ರಲ್ಲಿ ವಿವರಿಸಿದಂತೆ ಹಿಮ್ಮಡಿ ಮೂಳೆಯ ಹೊರಬದಿಯಿಂದ ಬೆಣೆಯಾಕಾರದ ಚೂರು ತೆಗೆದು ಮುಚ್ಚಬೇಕು. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಹಿಮ್ಮಡಿಗೆ ಕೈಹಾಕಿದವರ ಬಗ್ಗೆ ನನಗೆ ಗೌರವ ಕಡಿಮೆ.

ಒಂದೇ ಸಲವೋ, ಎರಡು ಸಲವೋ

ಒಂದೇ ಸಲ ಮಾಡಿದರೆ ಅರಿವಳಿಕೆ ಒಮ್ಮೆ, ಊರುಗೋಲಿನ ವಾರಗಳು ಒಮ್ಮೆ, ಶಾಲೆ ತಪ್ಪುವುದೂ ಒಮ್ಮೆ. ತೊಡಕು ಇರುವುದು ಆಮೇಲಿನ ಆರೈಕೆಯಲ್ಲಿ. ಮೈಕ್ರೋಫ್ರ್ಯಾಕ್ಚರ್ ಆದ ಕೀಲಿಗೆ ಬೇಗ ಚಲನೆ ಬೇಕು, ಕತ್ತರಿಸಿದ ಮೂಳೆಗೆ ಆರು ವಾರ ಅಲುಗದ ವಿಶ್ರಾಂತಿ ಬೇಕು. ಗಟ್ಟಿ ಸ್ಕ್ರೂ ಹಾಕಿದ ಹಿಮ್ಮಡಿಯಲ್ಲಿ ಎರಡನ್ನೂ ಸರಿದೂಗಿಸಬಹುದು: ಸುಮಾರು ಎರಡು ವಾರಕ್ಕೆ ಹೊಲಿಗೆಯ ಗಾಯ ಒಣಗಿದ ಮೇಲೆ ಪ್ಲಾಸ್ಟರಿನ ಬದಲು ಬಿಚ್ಚಿ ಹಾಕಬಲ್ಲ ಬೂಟು, ದಿನಕ್ಕೆ ಕೆಲವು ಸಲ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ನೆಲಕ್ಕೆ ಭಾರ ಮಾತ್ರ ಇಲ್ಲ. ಹಿಮ್ಮಡಿ ಸರಿಸುವ ಕೆಲಸದ ಜೊತೆ ಕೊರೆಯುವುದು ಅಥವಾ ಮೈಕ್ರೋಫ್ರ್ಯಾಕ್ಚರ್ ಇದ್ದರೆ ಒಂದೇ ಸಲಕ್ಕೆ ನನ್ನ ಒಲವು. ದೊಡ್ಡ ಕಸಿಯೂ ಉದ್ದಗೊಳಿಸುವ ಬೆಣೆಯೂ ಒಟ್ಟಿಗೆ ಬೇಕಾದರೆ ಬಾವು, ಆಪರೇಷನ್ನಿನ ಅವಧಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಆಗ ಪಾದವನ್ನು ಮೊದಲು ನೇರ ಮಾಡಿ, ನೋವು ಉಳಿದರೆ ಕಸಿಗೆ ಹೋಗುವುದು ಜಾಣತನ. ಕೆಲವು ಸಲ ಎರಡನೆಯದರ ಅಗತ್ಯವೇ ಬೀಳುವುದಿಲ್ಲ. ಲಿಗಮೆಂಟ್ ಹರಿದು ಹರಡು ಸಡಿಲವಾಗಿದ್ದರೆ ಅದನ್ನೂ ಆ ಲೆಕ್ಕದಲ್ಲೇ ಸೇರಿಸಬೇಕು.

ಹನ್ನೊಂದರ ಹುಡುಗಿ, ಮೃದುವಾದ ಚಪ್ಪಟೆ ಪಾದ, ಹೊದಿಕೆ ಹರಿಯದ ಹೊರಭುಜದ ಗಾಯ ಎಂದುಕೊಳ್ಳಿ. ಆರು ತಿಂಗಳು ವಿಶ್ರಾಂತಿ, ಇನ್‌ಸೋಲ್, ನೋವು ನಿಲ್ಲದಿದ್ದರೆ ಕೆಳಗಿನಿಂದ ಕೊರೆಯುವುದು. ಇನ್‌ಸೋಲಿನಿಂದ ಉಪಶಮನ ಕಂಡಿದ್ದು ಬಿಚ್ಚಿದ ಕೂಡಲೇ ನೋವು ಮರಳುತ್ತಿದ್ದರೆ ಜೊತೆಗೆ ಹಿಮ್ಮಡಿಯ ತಿದ್ದುಪಡಿ. ಹದಿನೈದರ ಹುಡುಗ, ಬಿಗಿದ ಪಾದ, ಬೆಸೆದ ಮೂಳೆ, ಸಡಿಲ ತುಂಡು: ಬೆಸುಗೆ ಬಿಡಿಸಿ, ತುಂಡನ್ನು ಪಿನ್ ಹಾಕಿ ಕೂರಿಸಿ, ಹಿಮ್ಮಡಿ ಸರಿಸುವುದು, ಮೂರೂ ಒಂದೇ ದಿನ ಆಗಬಹುದು. ವಾಲಿಕೆ ಅಲ್ಪ, ಗಾಯ ಎದುರು ಬದಿಯದ್ದು, ಉಳುಕಿದ ಇತಿಹಾಸ ಸ್ಪಷ್ಟ ಎಂದಾದರೆ ಪಾದವನ್ನು ಮುಟ್ಟದೆ ಮೃದ್ವಸ್ಥಿಯನ್ನಷ್ಟೇ ನೋಡಿಕೊಂಡರೆ ಸಾಕು.

ಆಟಕ್ಕೆ ಮರಳುವ ದಿನ ಕೇಳದ ಮಗುವಿಲ್ಲ. ಸಾಮಾನ್ಯವಾಗಿ ಆರು ತಿಂಗಳು ಹಿಡಿಯುತ್ತದೆ, ಕಸಿಯಾದರೆ ಇನ್ನೂ ಹೆಚ್ಚು. ಆ ಹೊತ್ತಿಗೆ ಎಂಆರ್‌ಐ ತೆಗೆದರೆ ಮೂಳೆಯಲ್ಲಿ ಬಿಳುಪು ಇನ್ನೂ ಉಳಿದಿರಬಹುದು, ಅದನ್ನು ಕಂಡು ಕಂಗಾಲಾಗಬೇಕಿಲ್ಲ. ಆಪರೇಷನ್ ಆದ ಕಾಲೊಂದರಲ್ಲೇ ನಿಂತು, ಗೋಡೆಗೆ ಬೆರಳು ತಾಗಿಸಿ, ಹಿಮ್ಮಡಿಯನ್ನು ಇಪ್ಪತ್ತು ಸಲ ಪೂರ್ತಿ ಎತ್ತಿ ಇಳಿಸಲು ಹೇಳಿ, ಹಿಂದೆ ಮತ್ತೆ ನೆಲದ ಮೇಲೆ ಕುಳಿತು ನೋಡಿ: ಎತ್ತುವಾಗ ಹಿಮ್ಮಡಿ ನೆಟ್ಟಗೆ ಏರುತ್ತದೆಯೇ, ಮರುದಿನ ಬೆಳಿಗ್ಗೆ ಹರಡು ಊದಿಕೊಂಡಿದೆಯೇ.